ಖಾಲಿ ಚೀಟಿಯ ಮನೆಗಳು

ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಅಕ್ಕನಿಗೆ ಬೀದಿಯವರಿಟ್ಟ ಹೆಸರು ಚೀಟಿಯಕ್ಕ. ಮೊದಲು ಮನೆಮನೆಗೆ ಸೋಪು ಮಾರುತ್ತಿದ್ದರು. ಆಮೇಲೆ ಒಂದು ಸಂಶೋಧನಾ ಸಂಸ್ಥೆ ಸೇರಿದರು. ಅಲೆದಾಟ ಮಾತ್ರ ಅದೇ. ಬಾಗಿಲು ತಟ್ಟಿ ಮೆಟ್ಟಿಲಿಳಿದು ನಿಲ್ಲುವರು. ಹೊಸ್ತಿಲು ದಾಟರು, ಯಾರ ಮನೆಯಲ್ಲೂ ನೀರು ಮುಟ್ಟರು.

"ನೀರು ಕುಡಿದ್ರೆ ಮುಗೀತು ಕಣೇ, ಆಮೇಲೆ ನನ್ನ ಮುಖ ನೋಡಿ ಸಿಹಿಸಿಹಿ ಉತ್ತರ ಕೊಡ್ತಾರೆ," ಎನ್ನುವರು ನನಗೆ.

ಈ ಸಲದ ಪ್ರಯೋಗ ಕೂಸುಗಳಿದ್ದ ಮನೆಗಳದ್ದು. ವಾರಕ್ಕೊಮ್ಮೆ ನರ್ಸ್ ಮನೆಗೇ ಬಂದು ನೋಡಿದರೆ ಮಕ್ಕಳು ಚೆನ್ನಾಗಿ ಬೆಳೆಯುತ್ತವೆಯೇ ಎಂದು ತಿಳಿಯಬೇಕಿತ್ತು. ಅರ್ಧ ಮನೆಗಳಿಗೆ ನರ್ಸ್, ಉಳಿದರ್ಧಕ್ಕೆ ಇಲ್ಲ. ಕೊನೆಗೆ ಎರಡನ್ನೂ ಹೋಲಿಸಿ ನೋಡುವುದು. ಪರಿಚಯದವರು, ಗೋಗರೆಯುವವರು ಎಂದು ಆರಿಸಿದರೆ ನಿಜ ಹೊರಬೀಳದು. ಅದಕ್ಕೇ ಚೀಟಿ.

ಚೀಟಿ ಎತ್ತುವ ದಿನ ಅಕ್ಕ ರವಿಕೆಯ ತೋಳು ಮಡಚಿ, ಅಂಗೈ ಎಲ್ಲರಿಗೂ ತೋರಿಸಿ, ಸ್ಟೀಲ್ ಡಬ್ಬಿ ಗಡಗಡ ಅಲ್ಲಾಡಿಸಿದರು. ಬೀದಿಯ ಮಹಾ ಜಗಳಗಂಟಿ ದರ್ಜಿಯ ಹೆಂಡತಿಯನ್ನೇ ಮುಂದೆ ಕರೆದರು.

"ನೀವೇ ಎತ್ತಿ ತಾಯಿ. ನಾಳೆ ನನ್ನ ಜುಟ್ಟು ಹಿಡಿಯೋಕೆ ಬರೋರು ನೀವೇ ತಾನೆ?"

"ಜುಟ್ಟು ಇದ್ರೆ ತಾನೆ ಹಿಡಿಯೋದು!" ಎಂದಳು ಆಕೆ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗಳು. ಅವಳು ಮಲಗಿದರೆ ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡೇ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ನಮ್ಮ ಮನೆಗೆ ಬಂದದ್ದು ಖಾಲಿ ಚೀಟಿ, ನರ್ಸ್ ಇಲ್ಲದ್ದು.

ಸಂಜೆ ಮೆಟ್ಟಿಲಲ್ಲಿ ಅಡ್ಡಗಟ್ಟಿದೆ. "ಅಕ್ಕಾ, ಒಂದೇ ಒಂದು ಚೀಟಿ ಬದಲಾಯಿಸಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ. ನರ್ಸ್ ಬಂದ್ರೆ ಒಳ್ಳೇದಾಗುತ್ತೆ ಅಂತ ಮೊದಲೇ ಗೊತ್ತಿದ್ದಿದ್ರೆ ಆ ಡಬ್ಬಿ ಯಾಕೆ ಅಲ್ಲಾಡಿಸ್ತಿದ್ದೆ? ಖಾಲಿ ಮನೆ ಖಾಲಿಯಾಗೇ ಇರ್ಬೇಕು ಕಣಮ್ಮ. ಇಲ್ಲಾಂದ್ರೆ ಪ್ರಯೋಗಾನೂ ಹೋಯ್ತು, ನನ್ನ ಕೆಲಸಾನೂ ಹೋಯ್ತು."

ಆ ಮಾತು ನನ್ನ ತಲೆಯಲ್ಲಿ ಗೂಟ ಹೊಡೆದಂತೆ ಕೂತಿತು. ಎದುರುಮನೆಗೆ ನರ್ಸ್ ಬಂದಾಗ ಕಿಟಕಿ ಮುಚ್ಚುತ್ತಿದ್ದೆ. ಅವಳ ಸಲಹೆ ಕೇಳಿಸಿಕೊಂಡರೂ ತಪ್ಪೇನೋ ಎಂಬ ಅಳುಕು.

ಒಂದು ಬೆಳಿಗ್ಗೆ ಮಗಳು ಹಾಲು ಕುಡಿಯಲಿಲ್ಲ. ನೆಗಡಿ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳತೊಡಗಿತು. ಗಂಡ ಕಾರ್ಖಾನೆಯ ಪಾಳಿಯಲ್ಲಿದ್ದರು, ಅಲ್ಲಿ ಫೋನ್ ಎತ್ತುವಂತಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದೆ, ಮತ್ತೆ ಒಳಬಂದೆ. ಆಸ್ಪತ್ರೆಯಲ್ಲಿ ನರ್ಸ್ ನೋಡಿದರೆ ಅದೂ ನರ್ಸ್ ನೋಡಿದಂತೆಯೇ ಅಲ್ಲವೇ? ಅಕ್ಕನ ಕೆಲಸ ಹೋದರೆ? ಹೋಗದೆ ಮಗುವಿಗೇನಾದರೂ ಆದರೆ? ಕಾಲೇಜು ಓದಿದ ನನ್ನ ತಲೆಗೆ ಆ ಹೊತ್ತಿನಲ್ಲಿ ಬೇರೇನೂ ಹೊಳೆಯಲಿಲ್ಲ.

ಮೇಲೆ ಹೋಗುತ್ತಿದ್ದ ಅಕ್ಕ ಮಗಳ ಉಸಿರಿನ ಗೊರಗೊರ ಸದ್ದು ಕೇಳಿ ನಿಂತರು. ಬಾಗಿಲು ತಟ್ಟಲಿಲ್ಲ. ಚಪ್ಪಲಿಯಲ್ಲೇ ಒಳನುಗ್ಗಿ ಕೂಸಿನ ಅಂಗಿ ಎತ್ತಿ ನೋಡಿದವರೇ, "ಏಳೇ! ಏನು ನೋಡ್ತಾ ಕೂತಿದ್ದೀಯ?" ಎಂದು ಅರಚಿದರು.

ಆಸ್ಪತ್ರೆಯಲ್ಲಿ ಮಗಳ ಮುಖಕ್ಕೆ ಆಕ್ಸಿಜನ್ ಹಿಡಿದರು. ತುಟಿಯ ನೀಲಿ ಮೆಲ್ಲಗೆ ತಿಳಿಯಾಗುವವರೆಗೆ ನಾನು ಅಕ್ಕನ ಸೆರಗನ್ನು ಬಿಡಲಿಲ್ಲ.

"ಬೆಳಿಗ್ಗೆಯಿಂದ ಯಾಕೆ ಹೀಗೆ ಕೂತಿದ್ದೆ?"

"ನಮ್ಮದು ಖಾಲಿ ಮನೆ ಅಲ್ವಾ ಅಕ್ಕಾ."

"ಅಯ್ಯೋ ಹುಚ್ಚಿ! ನರ್ಸ್ ನಿನ್ನ ಮನೆಗೆ ಬರಲ್ಲ ಅಂದ್ರೆ ನೀನು ಆಸ್ಪತ್ರೆಗೆ ಹೋಗ್ಬಾರ್ದು ಅಂತ ಯಾರೇ ಹೇಳಿದ್ದು?" ಎಂದವರು ಹಾಗೇ ತಡೆದರು. ಹೇಳಿದ್ದು ಯಾರೆಂದು ಅವರಿಗೇ ನೆನಪಾಗಿರಬೇಕು. "ಓದಿದ ನೀನೇ ಹೀಗಂದ್ಕೊಂಡ್ರೆ ಮಿಕ್ಕವರು?"

ಅಲ್ಲೇ ಸಂಸ್ಥೆಯ ಮೇಲಿನವರಿಗೆ ಫೋನ್ ಮಾಡಿದರು. ಆಚೆಯವರು ಏನೋ ದೀರ್ಘವಾಗಿ ಹೇಳುತ್ತಿದ್ದರು. "ನೀವು ನಾಳೆ ಕೂತು ಮಾತಾಡಿ ಸಾರ್, ಬೇಕಾದ್ರೆ ನನ್ನ ತೆಗೆದುಹಾಕಿ. ನಾನೀಗ ಖಾಲಿ ಮನೆಗಳಿಗೆ ಹೋಗ್ತೀನಿ," ಎಂದು ಇಟ್ಟರು.

ಅಂದು ಚೀಟಿಯಕ್ಕ ಖಾಲಿ ಚೀಟಿಯ ಒಂದೊಂದು ಮನೆಗೂ ಹೋದರಂತೆ. ಮೆಟ್ಟಿಲಿಳಿದು ನಿಲ್ಲಲಿಲ್ಲವಂತೆ. ನೇರ ಒಳಗೆ ಹೋಗಿ, ತೊಟ್ಟಿಲಿನ ಮೇಲೆ ಬಗ್ಗಿ, ಕೂಸಿನ ಅಂಗಿ ಎತ್ತಿ ಉಸಿರು ನೋಡಿ, ಆಮೇಲೆ, ಹುಷಾರು ತಪ್ಪಿದರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಓಡಿ ಎಂದರಂತೆ. ದರ್ಜಿಯ ಹೆಂಡತಿ ನೀರು ಕೊಟ್ಟಾಗ ಗಟಗಟ ಕುಡಿದರಂತೆ.

ನಾನು ಮಾತ್ರ ಮಗಳ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಆಸ್ಪತ್ರೆಯಲ್ಲೇ ಕೂತಿದ್ದೆ. ಉಸಿರು ಬೆಚ್ಚಗೆ ತಾಗುತ್ತಿತ್ತು. ಆದರೂ ಬೆರಳು ತೆಗೆಯಲು ಧೈರ್ಯ ಸಾಲಲಿಲ್ಲ.