ಅಂಚಿಗೆ ಕಟ್ಟಿದ ದಾರ

…ಅಥವಾ ಕೊನೆಯ ಪುಟದ್ದು ಹಳದಿ ದಾರವೇ ಇದ್ದಿರಬಹುದು. ಕೆಂಪು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ನಂಬುವುದಕ್ಕೆ ಆಧಾರವೇನೂ ಇಲ್ಲ. ಕಳೆದ ತಿಂಗಳು ಕೊಳ್ಳೇಗಾಲದ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿನ ಟ್ರಂಕಿನಿಂದ ನನ್ನ ಕಾಲೇಜು ದಿನಗಳ ಉದ್ದನೆಯ ನೋಟ್‌ಬುಕ್ಕೊಂದು ಕೆಳಗಿಳಿದು ಬಂತು. ಪುಟಗಳ ಅಂಚಿನಿಂದ ರೇಷ್ಮೆ ದಾರದ ತುಂಡುಗಳು ಇಣುಕುತ್ತಿದ್ದವು. ಮೂಗಿನ ಹತ್ತಿರ ಹಿಡಿದೆ. ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ನುಸಿಗುಳಿಗೆಯ ವಾಸನೆ. ಆದರೂ ನೆನಪು ಶುರುವಾದದ್ದು ಅಲ್ಲಿ ಇಲ್ಲದ ಆ ಮೊದಲ ವಾಸನೆಯಿಂದಲೇ.

ದಾರ ಕಟ್ಟಿದವರು ನಮ್ಮ ಪಕ್ಕದ ಮನೆಯವರು. ನಾನು ಅತ್ತೆ ಎನ್ನುತ್ತಿದ್ದೆ, ನೆಂಟಸ್ತನ ಏನೂ ಇರಲಿಲ್ಲ. ಮಾಂಬಳ್ಳಿಯ ಜಮೀನನ್ನು ದೊಡ್ಡಪ್ಪನಿಗೆ ಒಪ್ಪಿಸಿ ಅಪ್ಪ ಕೊಳ್ಳೇಗಾಲದಲ್ಲಿ ಅಂಗಡಿ ಹಾಕಿದಾಗ ನಮಗೆ ಮನೆ ಸಿಕ್ಕಿದ್ದು ಮಗ್ಗಗಳಿದ್ದ ಬೀದಿಯಲ್ಲಿ. ಅತ್ತೆ ಹರೆಯದಲ್ಲಿ ಮಗ್ಗಕ್ಕೆ ಕೂತವರು. ನಾನು ಕಾಣುವ ಹೊತ್ತಿಗೆ ಅವರದು ಬೇರೆ ಕೆಲಸ. ಸೀರೆ ವ್ಯಾಪಾರಿಯೊಬ್ಬರಿಗಾಗಿ, ನೇಯ್ದು ಬಂದ ಸೀರೆಗಳನ್ನು ಪರೀಕ್ಷೆ ಮಾಡುವುದು. ಜಗಲಿಯ ಬೆಳಕಿಗೆ ಸೀರೆ ಹಿಡಿದು ಮೊಳ ಮೊಳವಾಗಿ ಸರಿಸುತ್ತ ಹೋಗುವರು. ಎಳೆ ತಪ್ಪಿದ ಜಾಗ ಕಂಡರೆ ಬಾಯಿ ಮಾಡುತ್ತಿರಲಿಲ್ಲ, ಸೀರೆಯ ಮೈಮೇಲೆ ಗುರುತು ಹಾಕುತ್ತಿರಲಿಲ್ಲ. ಆ ಜಾಗದ ನೇರಕ್ಕೆ ಅಂಚಿನಲ್ಲಿ ಒಂದು ತುಂಡು ಹಳದಿ ದಾರ ಕಟ್ಟಿ ಮುಂದಕ್ಕೆ ಹೋಗುವರು. ನೇಯ್ದವರು ಬಂದು ಒಯ್ದು, ಸರಿಮಾಡಿ, ದಾರವನ್ನು ಕಿತ್ತೆಸೆಯುವರು. ಆಮೇಲೆ ಅಲ್ಲೊಂದು ತಪ್ಪಿತ್ತು ಎಂಬುದು ಬೀದಿಗೆ ಗೊತ್ತಾಗುತ್ತಿರಲಿಲ್ಲ.

ಆಗ ಸಂಜೆ ಏಳಕ್ಕೆ ಒಂದು ಧಾರಾವಾಹಿ ಬರುತ್ತಿತ್ತು. ಅಕ್ಕ ತಂಗಿ ಇಬ್ಬರೇ ಸೇರಿ ಊಟದ ಮೆಸ್ ನಡೆಸುವ ಕಥೆ. ತಂಗಿಯ ಪಾತ್ರ ಮಾಡುತ್ತಿದ್ದವಳು ಬಿಟ್ಟು ಹೋದಳೋ ಏನೋ, ಒಂದು ದಿನ ಆ ತಂಗಿಯನ್ನು ಹೊಳೆಗೆ ಬೀಳಿಸಿ ಮುಗಿಸಿಬಿಟ್ಟರು. ಆದರೆ ಹೆಣ ತೋರಿಸಲಿಲ್ಲ. ಹೆಣ ತೋರಿಸದ ಮೇಲೆ ಅವಳು ಬದುಕಿದ್ದಾಳೆ ಎಂದು ನಾವು ಕೆಲವರು ಹಟ ಹಿಡಿದೆವು. ವಾಟ್ಸಾಪಿನಲ್ಲಿ ಒಂದು ಗ್ರೂಪ್ ಹುಟ್ಟಿತು. ಮೈಸೂರಿನವರು, ಮಂಡ್ಯದವರು, ನಮ್ಮ ಕಡೆಯವರು, ಎಲ್ಲರೂ ತಂಗಿಯನ್ನು ತಮಗೆ ತೋಚಿದ ಹಾಗೆ ವಾಪಸು ಕರೆತಂದು ಕಥೆ ಬರೆಯತೊಡಗಿದರು. ಇಂಥದ್ದಕ್ಕೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ನನ್ನ ಕಥೆಯಲ್ಲಿ ತಂಗಿಯನ್ನು ಹೊಳೆಯಿಂದ ಎತ್ತಿದವನು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರ್. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಅತ್ತೆಗೆ ಓದಲು ಕೊಟ್ಟು, ಆಮೇಲೆ ಫೋನಿನಲ್ಲಿ ಟೈಪ್ ಮಾಡುತ್ತಿದ್ದೆ.

ನೋಟ್‌ಬುಕ್ ಮೊದಲ ಸಲ ವಾಪಸು ಬಂದಾಗ ಒಂದು ಪುಟದ ಅಂಚಿಗೆ ಸೂಜಿಯಿಂದ ತೂತು ಮಾಡಿ ಹಳದಿ ದಾರ ಕಟ್ಟಿತ್ತು. ತಂಗಿ ಮೂರು ಪುಟ ಅಳುವ ಜಾಗ ಅದು.

“ಇಲ್ಲಿ ನಾನು ಎದ್ದೋದೆ ಕಣಮ್ಮಿ,” ಎಂದರು. “ಒಲೆ ಮೇಲೆ ಅನ್ನ ಮಡಗಿದ್ದೆ. ಗ್ಯಾಪಕ ಬಂತು, ಎದ್ದೋದೆ.”

“ಅಂದ್ರೆ ಚೆನ್ನಾಗಿಲ್ವಾ ಅತ್ತೆ?”

“ಅಂಗಂತ ನಾನೆಲ್ಲಿ ಅಂದೆ? ಅನ್ನ ಗ್ಯಾಪಕ ಬಂತು ಅಂದೆ. ಯಾಕ್ ಬಂತು ಅಂತ ನೀನು ನೋಡ್ಕೊ.”

ನೋಡಿಕೊಂಡೆ. ಮೂರು ಪುಟದ ಅಳು ನಾಲ್ಕು ಸಾಲಿಗೆ ಬಂತು. ಒಂದು ಭಾನುವಾರ ಪಕ್ಕದ ಅಡುಗೆಮನೆಯಿಂದ ಸೀದ ವಾಸನೆ ನಮ್ಮ ನಡುಮನೆಗೂ ಬಂತು. ಸಂಜೆ ನೋಟ್‌ಬುಕ್ ಬಂದಾಗ ಒಂದು ಪುಟಕ್ಕೆ ಕೆಂಪು ದಾರ. “ತಳ ಹತ್ತೋಯ್ತು. ನಿನ್ನ ದೆಸೆಯಿಂದ ನಮ್ಮನೇಲಿ ಎಲ್ರೂ ಸೀದನ್ನ ಉಂಡವ್ರೆ!” ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಈವರೆಗೆ ಸಿಕ್ಕಿಲ್ಲ.

ಹೀಗೆ ಬರೆದಾಗ ಎಲ್ಲ ಎಷ್ಟು ಚೆಂದ ಹೊಂದಿಕೊಳ್ಳುತ್ತದೆ… ಎದ್ದು ಹೋದರೆ ಹಳದಿ, ಅನ್ನ ಸೀದರೆ ಕೆಂಪು. ಇಷ್ಟು ಹೊಂದಿಕೊಳ್ಳುವ ನೆನಪು ನನಗೆ ಅನುಮಾನ ತರುತ್ತದೆ. ಅತ್ತೆಯ ಡಬ್ಬಿಯಲ್ಲಿ ಕೈಗೆ ಸಿಕ್ಕಿದ ದಾರ ಕಟ್ಟಿದ್ದಿರಬಹುದು. ಬಣ್ಣಗಳ ಕಾನೂನು ಆಮೇಲೆ ನಾನು ಮಾಡಿಕೊಂಡದ್ದೂ ಇರಬಹುದು. ಸೀದ ವಾಸನೆಯ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಗ್ರೂಪಿನಲ್ಲಿ ನನ್ನ ಕಥೆಗೆ ಹೆಸರು ಬಂತು. ಹೆಸರಿನ ಜೊತೆಗೆ ನಾಲಿಗೆಯೂ ಉದ್ದವಾಯಿತು. ಅದೇ ಹೊತ್ತಿಗೆ ಹನೂರಿನ ಒಬ್ಬ ಹುಡುಗಿ ಬರೆಯತೊಡಗಿದಳು. ಅವಳ ಕಥೆಯಲ್ಲಿ ತಂಗಿ ಯಾರಿಗೂ ಹೇಳದೆ ಊರಿಗೆ ಬಂದು, ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮದೇ ಮೆಸ್ಸಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಅಕ್ಕ ಎಲ್ಲರಿಗೂ ಎಲೆ ಹಾಕಿ, ಕೊನೆಗೆ ಗೋಡೆಯ ಪಕ್ಕ ಇನ್ನೊಂದು ಎಲೆ ಹಾಕುತ್ತಾಳೆ. ಅದರ ಮುಂದೆ ಯಾರನ್ನೂ ಕೂರಿಸುವುದಿಲ್ಲ. ತಂಗಿ ಆ ಖಾಲಿ ಎಲೆಯನ್ನು ನೋಡುತ್ತ ನಿಂತಲ್ಲಿಗೆ ಆ ಕಂತು ಮುಗಿದಿತ್ತು. ಆದರೆ ಎರಡನೇ ಕಂತಿನಲ್ಲಿ ಸತ್ತ ಅವರ ಅಪ್ಪ ಈ ನಾಲ್ಕನೇ ಕಂತಿನಲ್ಲಿ ಮೂಲೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಹುಡುಗಿ ಮರೆತಿದ್ದಳು.

ನಾನು ಗ್ರೂಪಿನಲ್ಲಿ ಹಾಕಿದ್ದು ಹೀಗೆ: “ಸತ್ತವರಿಗೆ ಉಪ್ಪಿಟ್ಟು ಬಡಿಸುವ ಏಕೈಕ ಮೆಸ್ಸು ಹನೂರಿನಲ್ಲಿ. ಮುಂದಿನ ಕಂತಿನಲ್ಲಿ ಅಪ್ಪನ ತಿಥಿಗೆ ಅಪ್ಪನೇ ಅಡುಗೆ ಭಟ್ಟ.” ನಗುವ ಮುಖಗಳು ಸಾಲುಗಟ್ಟಿದವು. ಸಂಜೆಯೊಳಗೆ ಆ ಹುಡುಗಿ ಗ್ರೂಪ್ ಬಿಟ್ಟಳು.

ಆ ಕಂತನ್ನೂ ನನ್ನ ಮಾತನ್ನೂ ಅತ್ತೆಗೆ ಓದಿ ಹೇಳಿದೆ. ಹೆಮ್ಮೆಯಿಂದಲೇ. ಅತ್ತೆ ನಕ್ಕರು. ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು, ಇದನ್ನು ಮುಚ್ಚಿಡಬಾರದು. ನಗು ಇಳಿದ ಮೇಲೆ ಕೇಳಿದರು:

“ಆ ಕೂಸು ಏನಂತು?”

“ಏನೂ ಇಲ್ಲ. ಗ್ರೂಪ್ ಬಿಟ್ಟೋದ್ಲು.”

“ಮತ್ತೆ ಕಥೆ?”

“ನಿಂತೋಯ್ತು.”

“ಅಯ್ಯೋ, ತಂಗಿ ಬಾಗ್ಲಲ್ಲೆ ನಿಂತವ್ಳಲ್ಲಮ್ಮಿ! ಒಳಿಕ್ ಓದ್ಲಾ, ಇಲ್ವಾ?”

ನನ್ನ ಮಾತಿನಿಂದ ಆ ತಂಗಿ ಬಾಗಿಲಲ್ಲೇ ಉಳಿದಿದ್ದಳು. ಅತ್ತೆ ತೊಡೆಯ ಮೇಲಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು.

“ಸೀರೆ ತಪ್ಪಾದ್ರೆ ಸೀರೆ ನೇಯ್ದೋಳ್ಗೆ ತೋರುಸ್ಬೇಕು. ನೀನು ಸಂತೇಗೆ ತೋರ್ಸ್ಬುಟ್ಟೆ. ಓಗು, ಅದ್ನ ಪೂರಾ ಪ್ರಿಂಟ್ ಹಾಕುಸ್ಕಂಡು ಬಾ.”

ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಕಂತನ್ನೂ ಪ್ರಿಂಟ್ ಹಾಕಿಸಿ ತಂದೆ. ಅತ್ತೆ ಸೂಜಿ, ದಾರ ನನ್ನ ಕೈಗೆ ಕೊಟ್ಟರು. ನಾನು ಕಟ್ಟುತ್ತ ಹೋದೆ. ಮುಗಿದಾಗ ಹಾಳೆಗಳ ಅಂಚು ಹಳದಿ ಕುಚ್ಚು ಕಟ್ಟಿದ ಹಾಗೆ ಕಾಣುತ್ತಿತ್ತು. ಅತ್ತೆ ಒಂದೊಂದೇ ಹಾಳೆ ನೋಡಿ ನನ್ನ ದಾರಗಳನ್ನು ಬಿಚ್ಚತೊಡಗಿದರು. “ಇದು ತಪ್ಪಲ್ಲ, ನೀನಾಗಿದ್ರೆ ಬೇರೆ ತರ ಬರೀತಿದ್ದೆ ಅಷ್ಟೇಯ… ಇದೂ ಅಂಗೇಯ… ಇಷ್ಟು ಕಟ್ಟುದ್ರೆ ಬಟ್ಟೆ ಕಾಣಾಕಿಲ್ಲ ಕಣಮ್ಮಿ, ಬರೀ ದಾರ ಕಾಣ್ತದೆ.” ಕೊನೆಗೆ ಉಳಿದದ್ದು ನಾಲ್ಕು. ಉಪ್ಪಿಟ್ಟಿನ ಜಾಗ ಅದರಲ್ಲಿ ಒಂದು.

“ಕೆಂಪು ಎಲ್ಲಿ?” ಎಂದರು.

ಇಲ್ಲ ಎಂದೆ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೆಂಪು ದಾರ ತೆಗೆದುಕೊಂಡು ಖಾಲಿ ಎಲೆಯ ಜಾಗಕ್ಕೆ ನಾನೇ ಕಟ್ಟಿದೆ. ಅದನ್ನು ಮೊದಲ ದಿನವೇ ಎರಡು ಸಲ ಓದಿದ್ದೆ. ಆ ಎಲೆ ನನಗೆ ಹೊಳೆದಿರಲಿಲ್ಲ, ಹೊಳೆಯುತ್ತಲೂ ಇರಲಿಲ್ಲ. ಉಪ್ಪಿಟ್ಟು ನನಗೆ ಸಿಕ್ಕಿದ ನೆವ.

ಹುಡುಗಿಯ ನಂಬರಿಗೆ ನಾನು ಮಾಡಿದರೆ ಎತ್ತಲಿಲ್ಲ. ಅತ್ತೆ ತಮ್ಮ ಫೋನಿನಿಂದ ಮಾಡಿ, “ಮಗ, ನಿನ್ನ ಕಥೆ ಓದ್ತಾ ಓದ್ತಾ ನಮ್ಮನೆ ಅನ್ನ ಸೀದೋಯ್ತು,” ಎಂದು ಶುರು ಮಾಡಿದರು. ಅದು ಸುಳ್ಳು, ಅವತ್ತು ಅವರ ಮನೆಯಲ್ಲಿ ಮುದ್ದೆ. ಹದಿನೈದು ನಿಮಿಷ ಮಾತಾಡಿದರು. ಮಾರನೆಯ ದಿನ ಬೆಟ್ಟದ ಬಸ್ಸಿನಲ್ಲಿ, ಬೆಟ್ಟದ ದೇವರಿಗೆ ಹೊರಟವರ ನಡುವೆ ನಿಂತುಕೊಂಡು ಇಬ್ಬರೂ ಹನೂರಿಗೆ ಹೋದೆವು. ಹಾಳೆಗಳನ್ನು ಅತ್ತೆ ಸೀರೆಯ ಹಾಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗವುಚಿಕೊಂಡಿದ್ದರು.

ಹುಡುಗಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

“ಉಪ್ಪಿಟ್ಟಿನ ಅಕ್ಕ ನೀವೇಯಾ?”

“ಇವಳೇಯ ಮಗ,” ಎಂದರು ಅತ್ತೆ. “ಬಯ್ಯಂಗಿದ್ರೆ ಬಯ್ದ್ಬುಡು. ನಾನು ಅಲ್ಲಿ ಟೀ ಕುಡ್ಕಂಡು ಬತ್ತೀನಿ.” ಗಂಟನ್ನು ನನ್ನ ಕೈಗಿಟ್ಟು ರಸ್ತೆ ದಾಟಿ ಹೋಗಿಯೇಬಿಟ್ಟರು.

ಗೊಬ್ಬರದ ಚೀಲಗಳ ಪಕ್ಕ ನಿಂತು ತಪ್ಪಾಯಿತು ಎಂದೆ. ಹಳದಿ ಅಂದರೆ ಏನು ಎಂದು ಹೇಳಿದೆ. ಇಲ್ಲಿ ಕಥೆ ನನ್ನ ಕೈಬಿಟ್ಟಿತು, ಇಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯಲಿಲ್ಲ, ಹೀಗೆ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು. ಕೆಂಪಿನ ಹತ್ತಿರ ಬೆರಳಿಟ್ಟು, “ಇದೇನು?” ಎಂದಳು. “ಇದನ್ನ ಓದಿ ಹೊಟ್ಟೆ ಉರೀತು. ಅದಕ್ಕೇ ಅವತ್ತು ಹಂಗೆ ಬರೆದೆ,” ಎಂದೆ. ಅವಳು ಆಗ ನಕ್ಕಳು ಎಂದು ನನ್ನ ನೆನಪು. ಮುಖ ಸರಿಯಾಗಿ ನೆನಪಿಲ್ಲ, ಹಲ್ಲು ನೆನಪಿದೆ.

ಅಪ್ಪ ಹೇಗೆ ಬದುಕಿ ಬಂದ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ನನ್ನಲ್ಲಿ ಎರಡು ಥರ ಇದೆ. ಒಂದು: “ನಮ್ಮಪ್ಪ ಓಗಿ ಎರಡು ವರ್ಷ ಆಯ್ತು ಅಕ್ಕ. ಒಂದೊಂದ್ ಸಲ ನಂಗೆ ಮರ್ತೋಯ್ತದೆ.” ಇನ್ನೊಂದು: “ಅವತ್ತು ನಮ್ಮನೇಲಿ ಉಪ್ಪಿಟ್ಟು ಮಾಡಿದ್ರು, ಬರ್ದ್ಬುಟ್ಟೆ.” ಮೊದಲನೆಯದು ಕಥೆಗೆ ಬಹಳ ಚೆನ್ನಾಗಿ ಕೂರುತ್ತದೆ, ಅದಕ್ಕೇ ಅದು ನಾನು ವಾಪಸು ಬರುವ ಬಸ್ಸಿನಲ್ಲಿ ಕಟ್ಟಿದ್ದು ಎನಿಸುತ್ತದೆ. ಎರಡನೆಯದೇ ನಿಜವಿರಬೇಕು. ಎರಡನ್ನೂ ಹೇಳಿದ್ದರೂ ಹೇಳಿರಬಹುದು.

ಅತ್ತೆ ಟೀ ಮುಗಿಸಿ ಬಂದು ಕೇಳಿದ್ದು ಒಂದೇ ಮಾತು. “ಒಳಿಕ್ ಓಗ್ತಾಳಾ ಮಗ?”

“ಇನ್ನೂ ನಂಗೇ ಗೊತ್ತಿಲ್ಲ ಕಣವ್ವ.”

“ಬೇಗ ನೋಡ್ಕೊ. ನಾನು ಕಾಯ್ಕಂಡಿರ್ತೀನಿ.”

ಮೂರು ವಾರದ ಮೇಲೆ ಐದನೇ ಕಂತು ಬಂತು. ಗ್ರೂಪಿಗಲ್ಲ, ಅತ್ತೆಯ ಫೋನಿಗೆ. ತಂಗಿ ಒಳಗೆ ಹೋಗಿ ಆ ಎಲೆಯ ಮುಂದೆ ಕೂರುತ್ತಾಳೆ. ಅಕ್ಕ ಮುಖ ನೋಡದೆ, “ಅದು ಬೇರೆಯವರ ಜಾಗ, ಏಳಿ,” ಎನ್ನುತ್ತಾಳೆ. ಓದಿ ಮುಗಿಸಿ ಅತ್ತೆ ಮತ್ತೆ ಮೊದಲಿನಿಂದ ಓದತೊಡಗಿದರು. ಅವತ್ತು ಏನಾದರೂ ಸೀಯಿತೋ ಇಲ್ಲವೋ, ನಾನು ಗಮನಿಸಲಿಲ್ಲ.

ಆ ಕಥೆ ಮುಂದೆ ಹನ್ನೊಂದು ಕಂತು ಹೋಯಿತು. ನಾನು ಓದಲು ಮೈಸೂರಿಗೆ ಹೋದೆ, ಬೇರೆ ಥರದ ಕಥೆ ಬರೆಯಲು ಕಲಿತೆ. ಈಗ ಹುಡುಗ ಹುಡುಗಿಯರು ತಮ್ಮ ಕಥೆಗಳನ್ನು ಫೋನಿಗೆ ಕಳಿಸಿ ಹೇಗಿದೆ ಹೇಳಿ ಎನ್ನುತ್ತಾರೆ. ಎಲ್ಲಿ ಎದ್ದು ಹೋದೆ, ಎಲ್ಲಿ ಎದ್ದು ಹೋಗಲು ಆಗಲಿಲ್ಲ ಎಂದು ಅವರೊಬ್ಬರಿಗೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನದು ನನಗೆ ತಿಳಿಯದು.

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಆ ಜಗಲಿಯಲ್ಲಿ ಅವರ ತಮ್ಮನ ಸೊಸೆ ಬೈಕ್ ನಿಲ್ಲಿಸುತ್ತಾಳೆ. ಸುಣ್ಣ ಹೊಡೆಸುವ ಗಲಾಟೆಯ ನಡುವೆ ಆ ಕಡೆ ನೋಡಿದಾಗಲೆಲ್ಲ ಬೆಳಕು ಮೊದಲಿನ ಹಾಗೇ ಬಿದ್ದಿರುತ್ತಿತ್ತು, ಹಿಡಿದು ನೋಡಲು ಅಲ್ಲಿ ಸೀರೆ ಇರಲಿಲ್ಲ…

ನೋಟ್‌ಬುಕ್ ಸಿಕ್ಕಿದ ದಿನವೇ ಹನೂರಿನವಳಿಗೆ ಫೋನ್ ಮಾಡಿದೆ. ಅವಳ ಹತ್ತಿರ ಆ ಹಾಳೆಗಳಿವೆ, ದಾರವಿಲ್ಲ. “ತಿದ್ದಿ ಕಿತ್ತಾಕ್ಬುಟ್ಟೆ ಅಕ್ಕ, ಕಿತ್ತಾಕಕ್ಕೆ ತಾನೆ ಕಟ್ಟೋದು?” ಎಂದಳು. “ಕೆಂಪೂ ಇತ್ತಾ? ನಂಗೆ ಒಂದೇ ಬಣ್ಣ ಗ್ಯಾಪಕ.”

ನನ್ನ ನೋಟ್‌ಬುಕ್ಕಿನ ಕೊನೆಯ ಪುಟಕ್ಕೂ ಒಂದು ದಾರವಿದೆ. ಅಕ್ಕ ತಂಗಿ ಊಟದ ಮೇಲೆ ಪಾತ್ರೆ ತೊಳೆಯುವ ಪುಟ. ಒಬ್ಬಳು ಉಜ್ಜುತ್ತಾಳೆ, ಒಬ್ಬಳು ಗಲಬರಿಸುತ್ತಾಳೆ, ಇಬ್ಬರೂ ಮಾತಾಡುವುದಿಲ್ಲ. ಆ ಪುಟದ ಬಗ್ಗೆ ಅತ್ತೆ ಏನು ಹೇಳಿದರೆಂದು ನೆನಪಿಲ್ಲ, ನಾನು ಕೇಳಿದೆನೋ ಇಲ್ಲವೋ ಅದೂ ನೆನಪಿಲ್ಲ. ದಾರ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದೆ. ಕಿಟಕಿಯ ಹತ್ತಿರ ಒಯ್ದು ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ಅದನ್ನು ಓದುತ್ತ ಅತ್ತೆ ಎದ್ದು ಹೋದರೋ, ಅನ್ನ ಸೀದುಹೋಯಿತೋ, ನನಗೆ ಗೊತ್ತಿಲ್ಲ.