ಹಡೆಯದ ಬಾಣಂತಿ

ಬಾಜು ಮನೆಯ ಬಾಣಂತಿಗೆ ಅಜವಾನದ ಹೊಗೆ ಹಾಕುತ್ತಿದ್ದಾರೆ. ಆ ವಾಸನೆ ಬಂತೆಂದರೆ ನನಗೆ ವಡಗಾವಿಯ ಹಳೇ ಮನೆ, ಮಗಳ ತೊಟ್ಟಿಲ ದಿನಗಳು ನೆನಪಾಗುತ್ತವೆ.

ಕೂಸನ್ನು ದತ್ತು ತಂದದ್ದು ಯಾರಿಗೂ ತಿಳಿಯಬಾರದೆಂದು ಅವ್ವ ಹಟ ಹಿಡಿದಿದ್ದಳು. ಚೊಚ್ಚಲ ಹೆರಿಗೆಗೆಂದು ಊರಿಗೆಲ್ಲ ಹೇಳಿ, ನನ್ನ ಹೆಂಡತಿ ಶಾರದಾಳನ್ನು ಖಾನಾಪುರದ ತವರಿಗೆ ಕಳಿಸಿದಳು. ಕೂಸಿನೊಂದಿಗೆ ಮರಳಿದವಳಿಗೆ ಬಾಣಂತಿಯಂತೆ ತಲೆಗೆ ಸ್ಕಾರ್ಫು ಕಟ್ಟಿ, ಅಂಟಿನುಂಡಿ ತಿನ್ನಿಸಿದಳು. ಯಾರಿಗೂ ಕೇಡಿಲ್ಲದ ಇಂಥ ಸುಳ್ಳಿಗೆ ವೈಟ್ ಲೈ ಅಂತೇನೋ ಕಾಲೇಜಿನಲ್ಲಿ ಓದಿದ್ದೆ, ನಾನೂ ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಎದುರು ಮನೆಯ ತಾರಾಬಾಯಿ ಅಳುವ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಅವರ ಸೊಸೆ ದವಾಖಾನೆಯಲ್ಲಿದ್ದಳು.

"ಶಾರದಾ, ಇವಂಗ ಒಂಚೂರು ಹಾಲ ಕುಡಸವಾ."

"ಆಕಿಗೆ ಜ್ವರ ಬಂದಾವ," ಎಂದಳು ಅವ್ವ.

ಶಾರದಾ ತಲೆಯ ಸ್ಕಾರ್ಫು ಬಿಚ್ಚಿದಳು. "ನಾ ಹಡದಿಲ್ಲರೀ. ಇಕಿನ್ನ ದತ್ತು ತಂದೀವಿ. ನನ್ನ ಹತ್ರ ಹಾಲಿಲ್ಲ. ಲಗೂನ ಬ್ಯಾರೆ ಕಡೆ ಹೋಗ್ರಿ."

ತಾರಾಬಾಯಿ ಬಾಗಿಲಲ್ಲೇ ನಿಂತರು. ಹೆಗಲ ಮೇಲೆ ಮೊಮ್ಮಗ ಕಿರುಚುತ್ತಲೇ ಇದ್ದ.

"ಹಂಗಾರ ಇಕಿ ಯಾವ ಜಾತಿ?"

ಶಾರದಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತಿನಿಂದ ಅವ್ವ ತೊಟ್ಟಿಲು ತೂಗಲಿಲ್ಲ.

ಈಗ ಶಾರದಾ ಇಲ್ಲ. ಹೋದ ವರ್ಷ ಆಕೆಯನ್ನು ಮಣ್ಣು ಮಾಡುವಾಗ, ಮೊದಲ ಹಿಡಿ ಮಣ್ಣು ಹಾಕಲು ಹಿರಿಯರು ನನ್ನ ಅಣ್ಣನ ಮಗನನ್ನು ಕರೆದರು. ಮಗಳು ಎದುರಿಗೇ ನಿಂತಿದ್ದಳು.