ಕೆಂಪಾದ ನೀರು, ಬಸುರಿ ಮೀನು

ನಾನು ಮೊದಲು ಅನುಮಾನಪಟ್ಟದ್ದು ಪಕ್ಕದ ಮನೆ ಜಯಮ್ಮನ ಮೇಲೆ.

"ಇದೇನಕ್ಕ, ರಾಗಿರೊಟ್ಟಿಗೆ ಬಾಲ ಬಂದಂಗೈತೆ!" ಎಂದು ನಮ್ಮ ಹಳೇ ಹುಳುಮನೆಯಲ್ಲಿರುವ ಮೀನಿನ ತೊಟ್ಟಿಯ ಗಾಜಿಗೆ ಮೂಗು ಒತ್ತಿ ನೋಡಿ ಹೋದಳು. ಮಾರನೇ ದಿನದಿಂದಲೇ ಮೀನು ಮೇವು ಬಿಟ್ಟಿತು. ರೇಷ್ಮೆ ಸಾಕಿದ ಯಾರನ್ನಾದರೂ ಕೇಳಿ, ಹುಳುಮನೆಯೊಳಗೆ ಹೊರಗಿನವರನ್ನು ಬಿಡುತ್ತಾರಾ?

(ಈಗ ಅಲ್ಲಿ ಹುಳುವಿಲ್ಲ, ಮೀನಿದೆ. ಆದರೆ ರೂಲ್ಸು ರೂಲ್ಸೇ.)

ಮೀನು ನನ್ನ ಮೊಮ್ಮಗಳು ಚಂದನಳದು. ಸಿಹಿನೀರಿನ ಸ್ಟಿಂಗ್‌ರೇ. ತಟ್ಟೆಯಂಥ ಮೈ, ಬಾಲದಲ್ಲಿ ಮುಳ್ಳು. ನಮ್ಮ ಕೂಟಗಲ್ ಕಡೆ ಇಂಥದ್ದನ್ನು ಯಾರು ಕಂಡಿದ್ದರು? ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ನಮ್ಮ ಕುರಿಯ ಹಾಗೆ! ಅದು ಬಸುರಿ ಎಂದು ಗೊತ್ತಾದ ದಿನ ನಾನು ಬೀದಿಗೆಲ್ಲ ಸಕ್ಕರೆ ಹಂಚಿದೆ. ಮರಿ ಉಳಿದರೆ ಚಂದನ ಮೀನು ಸಾಕುವುದನ್ನೇ ಕಸುಬು ಮಾಡಿಕೊಳ್ಳುತ್ತಾಳೆ. ಇಲ್ಲದಿದ್ದರೆ ತೊಟ್ಟಿ ಮಾರಿಬಿಡಬೇಕು ಎಂದು ಅವಳಪ್ಪ ಮೊದಲೇ ಹೇಳಿದ್ದ.

ಚಂದನ ತೊಟ್ಟಿಯ ನೀರನ್ನು ಪುಟ್ಟ ಗಾಜಿನ ಕೊಳವೆಗೆ ತುಂಬಿ, ಮೀನಿನ ಅಂಗಡಿಯಿಂದ ತಂದಿದ್ದ ನೀರು ಪರೀಕ್ಷೆಯ ಔಷಧದ ಹನಿ ಬಿಟ್ಟು ಕುಲುಕಿದಳು. ಕೆಂಪೋ ಕೆಂಪು.

"ನೈಟ್ರೇಟ್ ಏರ್ಬುಟ್ಟೈತೆ ಅಜ್ಜಿ. ಮೀನಿನ ಗಲೀಜೇ ಕೊನೆಗೆ ಹಿಂಗಾಗೋದು. ಹಳದಿ ಬರ್ಬೇಕು. ನೀರು ಬದಲಾಯ್ಸಣ."

ಬದಲಾಯಿಸಿದೆವು. ಅರ್ಧ ತೊಟ್ಟಿ ಚೆಲ್ಲಿ ನಮ್ಮ ಬೋರಿನ ನೀರು ತುಂಬಿದೆವು. ಕೆಂಪು. ಮತ್ತೆ ಚೆಲ್ಲಿದೆವು. ಮತ್ತೂ ಕೆಂಪು!

ಈಗ ನನ್ನ ಅನುಮಾನ ಮೀನಿನ ಅಂಗಡಿಯವನ ಕಡೆ ತಿರುಗಿತು.

"ಬಾಟ್ಲೇ ಡೂಪ್ಲಿಕೇಟು ಕಣೇ. ಏನ್ ಹಾಕಿದ್ರೂ ಕೆಂಪಾಗಂಗೆ ಮಾಡವ್ನೆ. ನೀನು ಗಾಬ್ರಿ ಬಿದ್ದು ಅವನತ್ರ ಓಡ್ಬೇಕಲ್ಲ!"

"ಎಲ್ರ ಮ್ಯಾಲೂ ಡೌಟಾ ನಿಂಗೆ?"

"ಹೂಂ. ಬೋರ್ ನೀರ್ನೇ ಒಸಿ ಹಾಕು. ಮೀನು ಮುಟ್ದೇ ಇರೋ ನೀರು. ಅದೂ ಕೆಂಪಾದ್ರೆ ಅವ್ನು ಕಳ್ಳ."

ಹಾಕಿದಳು. ಕೆಂಪಾಯಿತು. ನಾನು ಚಪ್ಪಾಳೆ ತಟ್ಟಿದೆ. "ಸಿಕ್ಕಾಕ್ಕೊಂಡ ನೋಡು!"

ಚಂದನ ನಗಲಿಲ್ಲ. ಊರಿನ ಕುಡಿಯುವ ನೀರಿನ ಫಿಲ್ಟರ್ ಘಟಕದಿಂದ ಒಂದು ಲೋಟ ನೀರು ತಂದು ಅದೇ ಬಾಟಲಿಯ ಔಷಧ ಹಾಕಿದಳು.

ಹಳದಿ.

ಅಂಗಡಿಯವನು ಬಚಾವಾದ. ಜಯಮ್ಮನೂ ಬಚಾವಾದಳು. ಸಿಕ್ಕಿಬಿದ್ದದ್ದು ನಮ್ಮ ಬೋರು.

"ಅಜ್ಜಿ, ಬೋರ್ ಪಕ್ದಲ್ಲೇ ಯಾಕೆ ಮಂದೆ ನಿಲ್ಸೋದು ನಾವು?"

ಯಾಕೆ ಅಂದರೆ? ಕುರಿಮಂದೆಯನ್ನು ರಾತ್ರಿ ತೋಟದಲ್ಲಿ ತಂಗಿಸಿದರೆ ಹಿಕ್ಕೆ, ಗಂಜಲ ಎಲ್ಲ ಮಣ್ಣಿಗೆ. ನಮ್ಮ ಹಿಪ್ಪುನೇರಳೆ ಅದಕ್ಕೇ ಅಷ್ಟು ಹಸಿರು. ಮೇಲೆ ಯೂರಿಯಾ ಬೇರೆ. ಅದೆಲ್ಲ ನೈಟ್ರೇಟಾಗಿ ಮಳೆಯ ಜೊತೆ ಇಳಿದು ಬೋರಿಗೂ ಸೇರುತ್ತದೆ ಎಂದಳು ಚಂದನ.

ಅವತ್ತಿನಿಂದ ಕ್ಯಾನುಗಟ್ಟಲೆ ಫಿಲ್ಟರ್ ನೀರು ಹೊತ್ತು ತಂದು ತೊಟ್ಟಿಗೆ ಸುರಿದೆವು. ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಗೆ ಇಳಿಯಿತು. ಮೀನು ಎರೆಹುಳುವಿಗೆ ಬಾಯಿ ಹಾಕಿತು. ಕಳೆದ ವಾರ ಮರಿ ಹಾಕಿತು! ಮೂರು ಮರಿ, ಒಂದೊಂದೂ ನಿಪ್ಪಟ್ಟಿನಷ್ಟಗಲ. ಅಯ್ಯೋ, ನಾನು ಮುತ್ತಜ್ಜಿಯಾದೆ ಕಣ್ರೀ! ಚಂದನಳಪ್ಪನೂ ತೊಟ್ಟಿ ಮಾರುವ ಮಾತು ಬಿಟ್ಟ. ಖುಷಿಗೆ ಜಯಮ್ಮನನ್ನೂ ಕರೆದು ತೋರಿಸಿದೆ. (ಬಾಗಿಲಲ್ಲೇ ನಿಲ್ಲಿಸಿ.)

"ಮೀನಿಗೆ ಫಿಲ್ಟರ್ ನೀರಾ? ಮತ್ತೆ ನೀವೇನಕ್ಕ ಕುಡಿಯಾದು?" ಎಂದಳು.

ನಾವಾ? ಬೋರಿನದೇ. ಫಿಲ್ಟರ್ ನೀರು ಸಪ್ಪೆ, ಅದಕ್ಕೇನೋ ಬೆರೆಸುತ್ತಾರೆ ಎಂದು ನಾನೇ ಅದನ್ನು ಅಡುಗೆಮನೆಗೆ ಸೇರಿಸಿರಲಿಲ್ಲ.

ಊರವರನ್ನೆಲ್ಲ ಅನುಮಾನಿಸುವ ನಾವು, ಕೈಯಲ್ಲಿರುವ ಲೋಟವನ್ನು ಮಾತ್ರ ಯಾಕೆ ಇಷ್ಟೊಂದು ನಂಬುತ್ತೇವೆ?